ಒಂದು ಬಿಟ್ ನೆನಪಿಲ್ಲದ ಪೆಟ್ಟಿಗೆ: ನೀರಿನ ಮಟ್ಟ ನಿಯಂತ್ರಕದ ವಿಮರ್ಶೆ

ಪೆಟ್ಟಿಗೆ ಮನೆಗೆ ಬಂದ ದಿನವೇ ಅದನ್ನು ಟ್ಯಾಂಕಿಗೆ ಕಟ್ಟಲಿಲ್ಲ. ಎತ್ತರದ ಕಪಾಟಿನ ಮೇಲಂಚಿಗೆ ಸೆನ್ಸರನ್ನು ಕೆಳಮುಖವಾಗಿ ಬಿಗಿದೆ, ಕಪಾಟಿನ ಬಾಗಿಲಿಗೆ ಅಳತೆಪಟ್ಟಿ ಅಂಟಿಸಿದೆ, ನೀರಿನ ಬದಲಿಗೆ ಒಂದು ಚಪ್ಪಟೆ ಹಲಗೆಯನ್ನು ಕೈಯಲ್ಲಿ ಹಿಡಿದೆ. ಮೋಟಾರಿನ ಜಾಗದಲ್ಲಿ 100 ವ್ಯಾಟಿನ ಬಲ್ಬು. ಹಲಗೆಯನ್ನು ಇಳಿಸಿದರೆ ಟ್ಯಾಂಕು ಖಾಲಿಯಾದ ಹಾಗೆ, ಎತ್ತಿದರೆ ತುಂಬಿದ ಹಾಗೆ, ಬಲ್ಬು ಉರಿದರೆ ಪಂಪು ಓಡಿದ ಹಾಗೆ. ನೀರು ಚೆಲ್ಲದೆ, ಮೋಟಾರು ಸುಡದೆ ಎರಡು ದಿನ ಇದೇ ಕೆಲಸ ಮಾಡಿದೆ. ಮನೆಯವರು ಏನೆಂದುಕೊಂಡರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಇಪ್ಪತ್ತಾರು ವರ್ಷ ನಿಯಂತ್ರಣ ಸಿದ್ಧಾಂತ, ಅಂದರೆ ಯಂತ್ರಗಳು ತಾವಾಗಿ ಸರಿಯಾಗಿ ನಡೆಯುವಂತೆ ಮಾಡುವ ಗಣಿತ, ಪಾಠ ಹೇಳಿ ನಿವೃತ್ತಳಾದವಳು ನಾನು. ಅಂಕ ಕೊಡುವ ಚಟ ಇನ್ನೂ ಬಿಟ್ಟಿಲ್ಲ. ಈ ಪೆಟ್ಟಿಗೆಗೆ ಹತ್ತಕ್ಕೆ ಆರೂವರೆ ಕೊಡುತ್ತೇನೆ. ಒಂದೇ ಒಂದು ತಪ್ಪು ಇರದಿದ್ದರೆ ಎಂಟೂವರೆ ಆಗುತ್ತಿತ್ತು. ತಯಾರಕರ ಹೆಸರನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ ಮುಚ್ಚಳ ತೆಗೆದು ನೋಡಿದಾಗ ಕಂಡ ಬೋರ್ಡು ಬೇರೆ ಬೇರೆ ಹೆಸರಿನ ಪೆಟ್ಟಿಗೆಗಳೊಳಗೂ ಇರಬಹುದಾದಂಥದ್ದು. ಕೆಳಗಿನ ಪರೀಕ್ಷೆಗಳನ್ನು ನೀವು ಕೊಳ್ಳುವ ಯಾವ ಪೆಟ್ಟಿಗೆಯ ಮೇಲೂ ಮಾಡಬಹುದು. ಮುಖ್ಯವಾದ ನೆನಪಿನ ಪರೀಕ್ಷೆಗೆ ಮೂರು ನಿಮಿಷ, ಒಂದು ಹಲಗೆ ಮತ್ತು ಒಂದು ಬಲ್ಬು ಸಾಕು.

ಪೆಟ್ಟಿಗೆ ಮಾಡುವ ಕೆಲಸ ಸರಳ. ಶಬ್ದದ ಅಲೆ ಕಳುಹಿಸಿ ನೀರಿನ ಮಟ್ಟ ಅಳೆಯುತ್ತದೆ. ಮಟ್ಟ 30 ಪ್ರತಿಶತಕ್ಕಿಂತ ಇಳಿದರೆ ಪಂಪು ಹಾಕುತ್ತದೆ, 90 ಮುಟ್ಟಿದರೆ ನಿಲ್ಲಿಸುತ್ತದೆ. ಕೆಳಗಿನ ಸಂಪಿನಲ್ಲಿ ನೀರಿಲ್ಲದೆ ಪಂಪು ಒಣಗಿ ಓಡಿದರೆ ಅದನ್ನು ಗುರುತಿಸಿ ಆರಿಸುತ್ತದೆ. ಬೇಕಿದ್ದರೆ ಒಂದೇ ಪಂಪಿನಿಂದ ಎರಡು ಟ್ಯಾಂಕುಗಳನ್ನು ಸರದಿಯಂತೆ ತುಂಬಿಸುತ್ತದೆ. ಇಷ್ಟರಲ್ಲೇ ಎರಡು ಜಗತ್ತುಗಳಿವೆ. ನೀರು ಸದ್ದಿಲ್ಲದೆ, ಎಲ್ಲೂ ಹಾರದೆ ಏರಿಳಿಯುತ್ತದೆ. ಅದರ ಲೆಕ್ಕಕ್ಕೆ ಕ್ಷಣಕ್ಷಣದ ಬದಲಾವಣೆಯನ್ನು ಹಿಡಿಯುವ ಅವಕಲ ಸಮೀಕರಣ ಬೇಕು. ಪಂಪನ್ನು ಹಾಕಿ ಆರಿಸುವ ಸ್ವಿಚ್ಚಾದ ರಿಲೇ ಮಾತ್ರ ಟಕ್ ಎಂದು ಒಂದು ಕ್ಷಣದಲ್ಲಿ ಹೌದಿನಿಂದ ಇಲ್ಲಕ್ಕೆ ಜಿಗಿಯುತ್ತದೆ. ಅದರ ಲೆಕ್ಕಕ್ಕೆ ಘಟನೆಗಳ ಪಟ್ಟಿ ಸಾಕು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿ ಬರೆಯುವ ಹೈಬ್ರಿಡ್ ವ್ಯವಸ್ಥೆಗಳ ಗಣಿತ 1966ರಲ್ಲಿ ವಿಟ್ಸೆನ್‌ಹೌಸೆನ್ ಎಂಬ ಸಂಶೋಧಕರು ಬರೆದ ಒಂದು ಪ್ರಬಂಧದ ಕಾಲದಿಂದಲೂ ಇದೆ. ಅಲ್ಲಿಯ ಮೊದಲ ಪಾಠವೆಂದರೆ, ವ್ಯವಸ್ಥೆಯ ಸ್ಥಿತಿ ಒಂದು ಸಂಖ್ಯೆಯಲ್ಲ, ಒಂದು ಜೋಡಿ. ನೀರಿನ ಮಟ್ಟ ಎಷ್ಟು, ಜೊತೆಗೆ ಈಗ ಯಾವ ಮೋಡ್‌ನಲ್ಲಿದ್ದೇವೆ, ತುಂಬುತ್ತಿದ್ದೇವೆಯೋ ಸುಮ್ಮನಿದ್ದೇವೆಯೋ. ಪರೀಕ್ಷೆಯಲ್ಲಿ ಎರಡನೆಯದನ್ನು ಬರೆಯದ ವಿದ್ಯಾರ್ಥಿಗೆ ನಾನು ಅರ್ಧ ಅಂಕ ಕಳೆಯುತ್ತಿದ್ದೆ. ಈ ಪೆಟ್ಟಿಗೆಗೆ ಎರಡು ಅಂಕ ಕಳೆದದ್ದೂ ಅದೇ ಕಾರಣಕ್ಕೆ.

ಹಲಗೆಯನ್ನು 25ಕ್ಕೆ ಇಳಿಸಿದೆ, ಬಲ್ಬು ಉರಿಯಿತು. ನಿಧಾನವಾಗಿ ಎತ್ತಿ 60ಕ್ಕೆ ತಂದೆ, ಉರಿಯುತ್ತಲೇ ಇತ್ತು. 90 ದಾಟಿದಾಗ ಆರಿತು. ಮತ್ತೆ ಇಳಿಸುತ್ತ 60ಕ್ಕೆ ಬಂದಾಗ ಆರಿಯೇ ಇತ್ತು. ಅದೇ 60, ಒಮ್ಮೆ ಬೆಳಕು, ಒಮ್ಮೆ ಕತ್ತಲು. ಹೀಗೇ ಇರಬೇಕು. 30 ಮತ್ತು 90ರ ನಡುವಿನ ಈ ಅಂತರಕ್ಕೆ ಹಿಸ್ಟರಿಸಿಸ್ ಎನ್ನುತ್ತಾರೆ. ಅಂತರದೊಳಗೆ ಇರುವಾಗ ಏನು ಮಾಡಬೇಕೆಂದು ನೀರಿನ ಮಟ್ಟ ಹೇಳುವುದಿಲ್ಲ, ಹಿಂದೆ ಏನಾಗಿತ್ತು ಎಂಬ ನೆನಪು ಮಾತ್ರ ಹೇಳುತ್ತದೆ. ಇಷ್ಟಕ್ಕೆ ಬೇಕಾದ ನೆನಪು ಒಂದೇ ಒಂದು ಬಿಟ್, ಅಂದರೆ ಒಂದು ಹೌದು ಅಥವಾ ಇಲ್ಲ.

ಈಗ ಹಲಗೆ 60ರಲ್ಲಿ, ಬಲ್ಬು ಉರಿಯುತ್ತಿದೆ. ಪ್ಲಗ್ಗು ಕಿತ್ತೆ. ಹತ್ತು ಎಣಿಸಿ ಮತ್ತೆ ಹಾಕಿದೆ. ಪರದೆ ಬೆಳಗಿತು, 60 ಎಂದು ಸರಿಯಾಗಿಯೇ ತೋರಿಸಿತು, ಬಲ್ಬು ಮಾತ್ರ ಹೊತ್ತಲಿಲ್ಲ. ಹನ್ನೆರಡು ಸಲ ಮಾಡಿದೆ, ಹನ್ನೆರಡು ಸಲವೂ ಅದೇ. ಪೆಟ್ಟಿಗೆಗೆ ಮಟ್ಟ ಗೊತ್ತು, ಮೋಡ್ ಮರೆತುಹೋಗಿದೆ. ಮರೆತಾಗ ಸುಮ್ಮನಿರು ಎಂದು ಯಾರೋ ಬರೆದಿಟ್ಟಿದ್ದಾರೆ.

ಸುಮ್ಮನಿದ್ದರೆ ನಷ್ಟವೇನು ಎನ್ನಬಹುದು. ನನ್ನ ಟ್ಯಾಂಕು 1000 ಲೀಟರಿನದು, ಪಂಪು ನಿಮಿಷಕ್ಕೆ ಸುಮಾರು 40 ಲೀಟರ್ ಎತ್ತುತ್ತದೆ. 30ರಿಂದ 90ಕ್ಕೆ ಏರಲು 600 ಲೀಟರ್, ಅಂದರೆ ಹದಿನೈದು ನಿಮಿಷ. ಪಂಪು ಶುರುವಾಗಿ ಎರಡು ನಿಮಿಷಕ್ಕೆ ಕರೆಂಟ್ ಹೋಯಿತು ಎಂದುಕೊಳ್ಳಿ. ಟ್ಯಾಂಕಿನಲ್ಲಿ 38 ಪ್ರತಿಶತ ಇದೆ. ಕರೆಂಟ್ ಬಂದ ಮೇಲೆ ಪೆಟ್ಟಿಗೆ ಸುಮ್ಮನಿರುತ್ತದೆ, ನಾವು ನೀರು ಬಳಸುತ್ತೇವೆ, ಮಟ್ಟ ಮತ್ತೆ 30ಕ್ಕೆ ಇಳಿದಾಗ ಪಂಪು ಶುರುವಾಗುತ್ತದೆ, ಮತ್ತೆ ಕರೆಂಟ್ ಹೋಗುತ್ತದೆ. ಕರೆಂಟ್ ಪದೇ ಪದೇ ಹೋಗಿ ಬರುವ ದಿನ ಟ್ಯಾಂಕು ಮೂವತ್ತರ ಆಸುಪಾಸಿನಲ್ಲೇ ತೂಗಾಡುತ್ತಿರುತ್ತದೆ. ದೀರ್ಘವಾಗಿ ಕರೆಂಟ್ ಹೋಗುವ ಹೊತ್ತಿಗೆ ಕೈಯಲ್ಲಿರಬೇಕಾದ 900 ಲೀಟರಿನ ಬದಲು 300 ಉಳಿದಿರುತ್ತದೆ. ನನಗೆ ಎರಡು ಸಲ ಹೀಗಾಯಿತು. ಮೊದಲ ಸಲ ಸಂಪಿನಲ್ಲಿ ನೀರಿರಲಿಲ್ಲವೇನೋ ಎಂದುಕೊಂಡೆ. ಎರಡನೆಯ ಸಲಕ್ಕೆ ಹಲಗೆಯ ಪರೀಕ್ಷೆ ನೆನಪಾಯಿತು.

ಆ ಒಂದು ಬಿಟ್ಟನ್ನು ಉಳಿಸಿಕೊಳ್ಳುವುದು ಕಷ್ಟವೇನಲ್ಲ. ಇಂಥ ಬೋರ್ಡುಗಳಲ್ಲಿ ಕರೆಂಟ್ ಹೋದರೂ ಅಳಿಯದ ಈಪ್ರಾಮ್ (EEPROM) ಮೆಮೊರಿ ಇರುತ್ತದೆ. ಇದರಲ್ಲೂ ಅಂಥದ್ದೇನೋ ಇರಲೇಬೇಕು, ಏಕೆಂದರೆ 30, 90 ಎಂದು ನಾನು ಕೊಟ್ಟ ಅಂಕಿಗಳು ಪ್ಲಗ್ಗು ಕಿತ್ತರೂ ಮರೆಯಾಗುವುದಿಲ್ಲ. ಅಲ್ಲಿ ಒಂದು ಜಾಗವನ್ನು ಸಾಮಾನ್ಯವಾಗಿ ಲಕ್ಷ ಸಲದವರೆಗೆ ಬರೆದು ಅಳಿಸಬಹುದು. ರಿಲೇ ಬದಲಾದಾಗಲೆಲ್ಲ ಒಮ್ಮೆ ಬರೆದರೆ ಸಾಕು. ದಿನಕ್ಕೆ ಹತ್ತು ಸಲ ಎಂದರೂ 27 ವರ್ಷ ಬರುತ್ತದೆ. ಅಷ್ಟು ಹೊತ್ತಿಗೆ ಟ್ಯಾಂಕೇ ಬಿರುಕು ಬಿಟ್ಟಿರುತ್ತದೆ.

ಇನ್ನು ಮೆನುವಿನ ಮಾತು. ಕೆಳಮಿತಿ ಮತ್ತು ಮೇಲ್ಮಿತಿ ಎರಡನ್ನೂ 60 ಎಂದು ಕೊಟ್ಟು ನೋಡಿದೆ. ಪೆಟ್ಟಿಗೆ ಚಕಾರವೆತ್ತದೆ ಒಪ್ಪಿಕೊಂಡಿತು! ಮಿತಿ ಮುಟ್ಟಿದ ಮೇಲೆ ಪೆಟ್ಟಿಗೆ ಕಾಯುವ ಸಮಯವನ್ನೂ ಸೊನ್ನೆ ಮಾಡಿದೆ. ಹಲಗೆಯನ್ನು 60ರ ಬಳಿ ಹಿಡಿದು ಪಂಪು ನೀರು ಸುರಿಯುವಾಗಿನ ಅಲೆಯಂತೆ ಒಂದೆರಡು ಸೆಂಟಿಮೀಟರ್ ಅಲುಗಿಸಿದೆ. ಹತ್ತು ಸೆಕೆಂಡಿನಲ್ಲಿ 22 ಸಲ ಟಕ್ ಟಕ್ ಎಂದಿತು. ಹನ್ನೊಂದು ಸಲ ಹಾಕಿ ಹನ್ನೊಂದು ಸಲ ಆರಿಸಿದಂತಾಯಿತು. ಲಕ್ಷ ಸಲ ಬಾಳುವ ರಿಲೇ ಈ ವೇಗದಲ್ಲಿ ಒಂದು ದಿನ ಮತ್ತೊಂದು ಗಂಟೆಯಲ್ಲಿ ಮುಗಿಯುತ್ತದೆ. ಮೋಟಾರು ಅಷ್ಟೂ ಬಾಳುವುದಿಲ್ಲ. ಶುರುವಾಗುವ ಕ್ಷಣದಲ್ಲಿ ಅದು ಎಳೆಯುವ ಕರೆಂಟು ಮಾಮೂಲಿನ ಆರು ಪಟ್ಟಿನ ಆಸುಪಾಸಿನಲ್ಲಿರುತ್ತದೆ, ಶಾಖ ಅದರ ವರ್ಗದಂತೆ ಏರಿ ಮೂವತ್ತಾರು ಪಟ್ಟಾಗುತ್ತದೆ. ಅಂತರವೇ ಇಲ್ಲದ ಸ್ವಿಚ್ಚು ಗಡಿಯ ಮೇಲೆ ನಿಂತು ಮಿಣಮಿಣ ಎನ್ನುವುದು ಗಣಿತದಲ್ಲಿ ಹಳೆಯ ವಿಷಯ. ಸೋವಿಯತ್ ಗಣಿತಜ್ಞ ಫಿಲಿಪೋವ್ ಅದಕ್ಕೆ ಅರ್ಥ ಕೊಟ್ಟರು, ಅದೇ ನಾಡಿನ ಉಟ್ಕಿನ್ ಅದನ್ನೇ ಒಂದು ನಿಯಂತ್ರಣ ವಿಧಾನವಾಗಿ ಬೆಳೆಸಿದರು. ಆದರೆ ಆ ವಿಧಾನಕ್ಕೆ ಒಗ್ಗುವುದು ಟ್ರಾನ್ಸಿಸ್ಟರಿನಂಥ ವೇಗದ ಸ್ವಿಚ್ಚು, ನಮ್ಮದು ತಾಮ್ರದ ಸುರುಳಿಯ ಮೋಟಾರು. ಮೆನು ಕನಿಷ್ಠ 10ರ ಅಂತರವನ್ನಾದರೂ ಕಡ್ಡಾಯ ಮಾಡಬೇಕಿತ್ತು. ನೀವು ಕೊಂಡರೆ ಮೊದಲು ಮಾಡಬೇಕಾದ ಕೆಲಸ ಇದು: ಮಿತಿಗಳನ್ನು ದೂರ ದೂರ ಇಡಿ, ಕಾಯುವ ಸಮಯ 5 ಸೆಕೆಂಡಿಗೆ ಕಡಿಮೆ ಮಾಡಬೇಡಿ.

ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 1 ಮಿಲಿಮೀಟರ್ ನಿಖರತೆ ಎಂದು ಬರೆದಿದೆ. ನಕ್ಕುಬಿಟ್ಟೆ. ಪರದೆಯಲ್ಲಿ ಮಿಲಿಮೀಟರ್ ಕಾಣುತ್ತದೆ ಎಂಬುದು ನಿಜ. ಆದರೆ ಶಬ್ದದ ವೇಗ ಗಾಳಿಯ ಶಾಖದ ಜೊತೆ ಬದಲಾಗುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 40 ಡಿಗ್ರಿಯಲ್ಲಿ 355. ಸೆನ್ಸರಿನಿಂದ ನೀರಿಗೆ 109 ಸೆಂಟಿಮೀಟರ್ ಇರುವಾಗ ಈ ವ್ಯತ್ಯಾಸವೊಂದೇ ಸುಮಾರು 4 ಸೆಂಟಿಮೀಟರಿನ ತಪ್ಪು ತರುತ್ತದೆ. ಬಿಸಿಲು ನೆತ್ತಿಗೆ ಬಂದಾಗ ಮುಚ್ಚಳ ತೆಗೆದು ಅಳತೆಕೋಲು ಇಳಿಸಿ ನೋಡಿದಾಗ 3 ಸೆಂಟಿಮೀಟರ್ ಹೆಚ್ಚುಕಮ್ಮಿ ಕಂಡಿತು. ಇದಕ್ಕೆ ನಾನು ಅಂಕ ಕಳೆಯಲಿಲ್ಲ. ಅರವತ್ತರ ಅಂತರ ಇಟ್ಟುಕೊಂಡವರಿಗೆ ಎರಡು ಮೂರು ಪ್ರತಿಶತ ಲೆಕ್ಕಕ್ಕೇ ಇಲ್ಲ. ನೆನಪಿಗೆ ಒಂದು ಬಿಟ್ ಕೊಡದವರು ಪರದೆಯ ಮೇಲೆ ಮಿಲಿಮೀಟರಿಗೆ ಜಾಗ ಕೊಟ್ಟಿದ್ದಾರಲ್ಲ ಎಂದು ಬೇಸರವಾಯಿತು, ಅಷ್ಟೇ. ಅಂದ ಹಾಗೆ, ಸೆನ್ಸರಿಗೆ 25 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣುವುದಿಲ್ಲ. ಮುಚ್ಚಳಕ್ಕೆ ನೇರವಾಗಿ ಅಂಟಿಸದೆ ಒಂದು ಗಿಡ್ಡ ಪೈಪಿನ ಮೇಲೆ ಎತ್ತರಿಸಿ ಕೂರಿಸಿ.

ಹೊಗಳಬೇಕಾದ್ದೂ ಇದೆ. ಬಲ್ಬು ಉರಿಯುತ್ತಿರುವಾಗ ಸೆನ್ಸರಿನ ತಂತಿ ಕಿತ್ತೆ. ಮೂರು ಸೆಕೆಂಡಿನೊಳಗೆ ಬಲ್ಬು ಆರಿ, ಪರದೆಯಲ್ಲಿ ಸೆನ್ಸರ್ ದೋಷ ಎಂದು ಬಂದು, ಗಂಟೆ ಕೂಗಿತು. ತಂತಿ ಸಿಕ್ಕಿಸಿದ ಮೇಲೂ ತಾನಾಗಿ ಶುರುಮಾಡಲಿಲ್ಲ, ನಾನು ಗುಂಡಿ ಒತ್ತುವವರೆಗೆ ಕಾದಿತು. ಕಣ್ಣು ಹೋದಾಗ ಕೈ ಕಟ್ಟಿ ನಿಲ್ಲಬೇಕು ಎಂಬುದನ್ನು ಇದನ್ನು ಮಾಡಿದವರು ಚೆನ್ನಾಗಿ ತಿಳಿದಿದ್ದಾರೆ. ಕರೆಂಟ್ ಬಂದ ಕೂಡಲೇ ಹಾರಿ ಬೀಳದೆ 10 ಸೆಕೆಂಡ್ ತಡೆದು ನೋಡುತ್ತದೆ, ಅದೂ ಒಳ್ಳೆಯದು. ಅಲೆಗಳಿಗೆ ಬೆದರದಂತೆ ಅಳತೆಗಳ ಸರಾಸರಿ ತೆಗೆಯುತ್ತದೆ, ಅದಕ್ಕೆ ಆರು ಸೆಕೆಂಡ್ ಹಿಡಿಯುತ್ತದೆ. ಕಾಯುವ 5 ಸೆಕೆಂಡೂ ಸೇರಿದರೆ 90 ಮುಟ್ಟಿದ ಮೇಲೆ ಪಂಪು ನಿಲ್ಲಲು ಹನ್ನೊಂದು ಸೆಕೆಂಡ್.

ಈ ತಡವನ್ನು ಲೆಕ್ಕಕ್ಕೆ ಹಿಡಿಯುವುದಕ್ಕೆ ನಾನು ಪಾಠದಲ್ಲಿ ಬಳಸುತ್ತಿದ್ದ ಉದಾಹರಣೆಯೂ ನೀರಿನ ಟ್ಯಾಂಕಿನದೇ. ಕಂಪ್ಯೂಟರ್ ವಿಜ್ಞಾನಿ ರಾಜೀವ್ ಅಲುರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿದೆ. ಪಂಪು ಓಡುವಾಗ ನೀರು ಸೆಕೆಂಡಿಗೆ 1 ಅಂಗುಲ ಏರುತ್ತದೆ, ನಿಂತಾಗ 2 ಅಂಗುಲ ಇಳಿಯುತ್ತದೆ, ಆಜ್ಞೆ ಪಂಪಿಗೆ ತಲುಪಲು 2 ಸೆಕೆಂಡ್ ಬೇಕು. 10ರಲ್ಲಿ ನಿಲ್ಲಿಸು ಎಂದರೆ 12ಕ್ಕೆ ನಿಲ್ಲುತ್ತದೆ, 5ರಲ್ಲಿ ಶುರುಮಾಡು ಎಂದರೆ 1ಕ್ಕೆ ಶುರುವಾಗುತ್ತದೆ. ಆದ್ದರಿಂದ ನೀರು ಎಂದೆಂದಿಗೂ 1 ಮತ್ತು 12ರ ನಡುವೆಯೇ ಇರುತ್ತದೆ. ಇದನ್ನು ಕಂಪ್ಯೂಟರೇ ಸಾಧಿಸಿ ತೋರಿಸಬಲ್ಲದು ಎಂಬುದು ಅಲ್ಲಿಯ ಹೆಗ್ಗಳಿಕೆ. ಅದೇ ಲೆಕ್ಕ ನನ್ನ ಟ್ಯಾಂಕಿಗೆ ಹಾಕಿದರೆ ಹನ್ನೊಂದು ಸೆಕೆಂಡಿಗೆ ಸುಮಾರು ಏಳೂಕಾಲು ಲೀಟರ್ ಹೆಚ್ಚುವರಿ. ಒಂದು ಬಕೆಟ್ಟೂ ಅಲ್ಲ. ಸಣ್ಣ ಟ್ಯಾಂಕು, ದೊಡ್ಡ ಪಂಪು ಇರುವವರು ಮಾತ್ರ ಮೇಲ್ಮಿತಿಯನ್ನು ಇನ್ನಷ್ಟು ಇಳಿಸಿಕೊಳ್ಳಬೇಕು.

ಒಣ ಓಟದ ರಕ್ಷಣೆಯನ್ನು ಪರೀಕ್ಷಿಸಲು 100 ವ್ಯಾಟಿನ ಬಲ್ಬನ್ನು ತೆಗೆದು 40 ವ್ಯಾಟಿನದನ್ನು ಹಾಕಿದೆ. ನೀರಿಲ್ಲದೆ ತಿರುಗುವ ಪಂಪು ಕಡಿಮೆ ಕರೆಂಟು ಎಳೆಯುತ್ತದೆ, ಪೆಟ್ಟಿಗೆ ಅದನ್ನೇ ನೋಡುತ್ತದೆ. ಎಂಟು ಸೆಕೆಂಡಿಗೆ ಆರಿಸಿತು. ಅರ್ಧ ಗಂಟೆ ಕಾದು ಮತ್ತೆ ಪ್ರಯತ್ನಿಸಿತು, ಮತ್ತೆ ಆರಿಸಿತು. ಮೂರನೆಯ ಸಲ ಸೋತ ಮೇಲೆ ಬೀಗ ಹಾಕಿಕೊಂಡು ಕೂರುತ್ತದೆ ಎಂದು ಕೈಪಿಡಿ ಹೇಳುತ್ತದೆ, ಹಾಗೆಯೇ ಮಾಡಿತು. ಭೇಷ್ ಎಂದುಕೊಂಡು ಮಾರನೆಯ ದಿನ ಅದೇ ಆಟ ಇನ್ನೊಮ್ಮೆ ಆಡಿ, ಎರಡನೆಯ ಸೋಲಿನ ನಂತರ ಪ್ಲಗ್ಗು ಕಿತ್ತು ಮತ್ತೆ ಸಿಕ್ಕಿಸಿದೆ. ಎಣಿಕೆ ಮತ್ತೆ ಸೊನ್ನೆಗೆ ಬಂದಿತ್ತು. ಎಣಿಕೆ ಹಾಗಿರಲಿ, ಅರ್ಧ ಗಂಟೆಯ ಕಾಯುವಿಕೆಯೂ ಮರೆತಿತ್ತು. ಹಲಗೆ 25ರಲ್ಲಿದ್ದುದರಿಂದ ಹತ್ತು ಸೆಕೆಂಡಿಗೆ ಬಲ್ಬು ಹೊತ್ತಿಕೊಂಡಿತು. ಪಂಪಿನ ಸೀಲು ತಂಪಾಗಿರುವುದು ನೀರಿನಿಂದ. ಸಂಪು ಬತ್ತಿದ ದಿನ ಕರೆಂಟೂ ಆಟವಾಡಿದರೆ ಈ ಪೆಟ್ಟಿಗೆ ಪ್ರತಿ ಸಲವೂ ಹೊಸದಾಗಿ ಒಣ ಪಂಪನ್ನು ಓಡಿಸುತ್ತ ಹೋಗುತ್ತದೆ, ಬೀಗದ ಹಂತಕ್ಕೆ ಬರುವುದೇ ಇಲ್ಲ.

ಪ್ರತಿಯೊಂದು ರಕ್ಷಣೆಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸಲಾಗಿದೆ ಎಂದು ಕೈಪಿಡಿಯಲ್ಲಿ ಹೆಮ್ಮೆಯ ಮಾತಿದೆ. ಸಮಸ್ಯೆ ಇರುವುದು ಆ ಪ್ರತ್ಯೇಕವಾಗಿ ಎಂಬ ಶಬ್ದದಲ್ಲೇ. ಒಂದೊಂದೂ ತನ್ನಷ್ಟಕ್ಕೆ ಸ್ಥಿರವಾಗಿರುವ ಎರಡು ವ್ಯವಸ್ಥೆಗಳ ನಡುವೆ ತಪ್ಪು ಹೊತ್ತಿನಲ್ಲಿ ಅತ್ತಿತ್ತ ಬದಲಾಯಿಸುತ್ತ ಹೋದರೆ ಒಟ್ಟು ವ್ಯವಸ್ಥೆ ಕೈಮೀರಬಹುದು. ಇದು ನಮ್ಮ ವಿಷಯದಲ್ಲಿ ಎರಡನೆಯ ವಾರದ ಪಾಠ, ಹುಡುಗರು ನಂಬಲು ಮೂರನೆಯ ವಾರ ಬೇಕಾಗುತ್ತಿತ್ತು. ಸಾಕಷ್ಟು ಹೊತ್ತು ಒಂದೇ ಮೋಡ್‌ನಲ್ಲಿ ನಿಂತು, ಆಮೇಲೆ ಬದಲಾದರೆ ಅಪಾಯವಿಲ್ಲ. ಪ್ರತಿ ಸಲವೂ ಅಷ್ಟು ನಿಲ್ಲದಿದ್ದರೂ ಸರಾಸರಿಯಲ್ಲಿ ನಿಂತರೆ ಸಾಕು ಎಂದು 1999ರಲ್ಲಿ ಹೆಸ್ಪಾನ್ಯ ಮತ್ತು ಮೋರ್ಸ್ ತೋರಿಸಿದರು. ಈ ಪೆಟ್ಟಿಗೆಯ ಅರ್ಧ ಗಂಟೆ ಅಂಥದ್ದೇ ನಿಲುಗಡೆ. ಆದರೆ ಗಡಿಯಾರವನ್ನೇ ಮರೆಯುವವರಿಗೆ ನಿಲುಗಡೆ ಎಲ್ಲಿಯದು?

ಎರಡು ಟ್ಯಾಂಕಿನ ಮೋಡ್ ನನಗೆ ಬೇಕಿರಲಿಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ. ಎರಡನೆಯ ಸೆನ್ಸರು ಕಟ್ಟಿ, ಎರಡನೆಯ ಹಲಗೆಯನ್ನು ಮಗಳ ಕೈಗೆ ಕೊಟ್ಟೆ. ಪೆಟ್ಟಿಗೆಯ ನಿಯಮ ಹೀಗಿದೆ: ಯಾವ ಟ್ಯಾಂಕು ಕೆಳಮಿತಿಗೆ ಇಳಿಯುತ್ತದೋ ಕವಾಟ ತಿರುಗಿಸಿ ನೀರನ್ನು ಅತ್ತ ಹರಿಸು. ನಾನು ಕೊಟ್ಟ ಲೆಕ್ಕ ತುಸು ತುಂಟತನದ್ದು. ಒಳಹರಿವು ನಿಮಿಷಕ್ಕೆ 3 ಲೀಟರ್, ಪ್ರತಿ ಟ್ಯಾಂಕಿನಿಂದ ಹೊರಹರಿವು 2 ಲೀಟರ್. ಅಂದರೆ ಬರುವುದು 3, ಹೋಗುವುದು 4. ಮೊದಲ ಟ್ಯಾಂಕು ಮಿತಿಯಲ್ಲೇ ಇದೆ, ನೀರು ಅಲ್ಲಿಗೆ ಹರಿಯುತ್ತಿದೆ. ಎರಡನೆಯದು ಮಿತಿಗಿಂತ 10 ಲೀಟರ್ ಮೇಲಿದೆ. ಒಂದು ಲೀಟರಿಗೆ ಹಲಗೆ ಒಂದು ಸೆಂಟಿಮೀಟರ್.

"ಅಮ್ಮ, ನನ್ನದು ಇಳಿಸಬೇಕೋ ಎತ್ತಬೇಕೋ?"

"ನಿನ್ನದು ನಿಮಿಷಕ್ಕೆ ಎರಡು ಇಳಿಸು. ನಾನು ಒಂದು ಎತ್ತುತ್ತೇನೆ. ಕವಾಟದ ದೀಪ ನಿನ್ನ ಕಡೆಗೆ ಬಂದಾಗ ಅದಲುಬದಲು."

ಮೊದಲ ಸರದಿ 5 ನಿಮಿಷ. ಅಷ್ಟರಲ್ಲಿ ಅವಳದು ಮಿತಿಗೆ ಇಳಿದಿತ್ತು, ನನ್ನದು 5 ಏರಿತ್ತು. ಎರಡನೆಯ ಸರದಿ ಎರಡೂವರೆ ನಿಮಿಷ, ಮೂರನೆಯದು ಒಂದೂಕಾಲು, ನಾಲ್ಕನೆಯದು ಮೂವತ್ತೇಳೂವರೆ ಸೆಕೆಂಡ್. ಪ್ರತಿ ಸಲವೂ ಹಿಂದಿನದರ ಅರ್ಧ. ಎಲ್ಲವನ್ನೂ ಕೂಡಿದರೆ ಮೊತ್ತ 10 ನಿಮಿಷ ದಾಟುವುದಿಲ್ಲ, ಆದರೆ ಆ ಹತ್ತು ನಿಮಿಷದೊಳಗೆ ಕವಾಟ ಅನಂತ ಸಲ ತಿರುಗಬೇಕು. ಮುಂದಿರುವ ಆಮೆಯನ್ನು ಹಿಡಿಯಲು ಓಟಗಾರ ಕಿರಿದಾಗುತ್ತ ಹೋಗುವ ಅಂತರಗಳನ್ನು ಅನಂತ ಸಲ ದಾಟಬೇಕು ಎಂಬ, ಗ್ರೀಕ್ ತತ್ತ್ವಜ್ಞಾನಿ ಜೀನೋ ಹೇಳಿದ ಒಗಟು ನೀರಿನ ಟ್ಯಾಂಕಿನಲ್ಲಿ ಹೀಗೆ ಎದುರಾಗುತ್ತದೆ, ನಮ್ಮ ಗಣಿತದಲ್ಲಿ ಇದಕ್ಕೆ ಹೆಸರೂ ಅವನದೇ. ಹತ್ತು ನಿಮಿಷದ ನಂತರ ಏನಾಗುತ್ತದೆ ಎಂದು ಕೇಳಿದರೆ ಆದರ್ಶ ಮಾದರಿಗೆ ಉತ್ತರವಿಲ್ಲ, ಅದರ ಕಾಲ ಅಲ್ಲಿಗೇ ನಿಂತುಬಿಡುತ್ತದೆ. 1999ರಲ್ಲೇ ಯೋಹಾನ್ಸನ್ ಮತ್ತು ಸಂಗಡಿಗರು ಇದಕ್ಕೆ ಮದ್ದು ಬರೆದರು. ಕವಾಟಕ್ಕೆ ನಿಜವಾಗಿ ಇರುವಂಥ ಸ್ವಲ್ಪ ತಡವನ್ನೋ ಅಂತರವನ್ನೋ ಮಾದರಿಗೂ ಸೇರಿಸಿದರೆ ಮುಂದಿನ ಕಥೆ ಕಾಣುತ್ತದೆ.

ಪೆಟ್ಟಿಗೆಯಲ್ಲಿ ಆ ತಡ, ಅಂದರೆ ಒಮ್ಮೆ ತಿರುಗಿಸಿದ ಕವಾಟವನ್ನು ಮತ್ತೆ ತಿರುಗಿಸುವ ಮುನ್ನ ಕಾಯುವ ಕನಿಷ್ಠ ಹೊತ್ತು, 20 ಸೆಕೆಂಡ್. ಒಂಬತ್ತು ನಿಮಿಷ ಇಪ್ಪತ್ತೆರಡು ಸೆಕೆಂಡಿನವರೆಗೆ ಲೆಕ್ಕದಂತೆ ನಡೆಯಿತು. ಐದನೆಯ ಸರದಿ ಸುಮಾರು 19 ಸೆಕೆಂಡಿಗೆ ಮುಗಿಯಬೇಕಿತ್ತು, ಅಲ್ಲಿಂದ ಮುಂದೆ ಪೆಟ್ಟಿಗೆ ಇಪ್ಪತ್ತಿಪ್ಪತ್ತು ಸೆಕೆಂಡಿಗೆ ಕವಾಟ ತಿರುಗಿಸುತ್ತ ಹೋಯಿತು. ನಮ್ಮ ಎರಡೂ ಹಲಗೆಗಳು ಮಿತಿ ದಾಟಿ ಮೆಟ್ಟಿಲಿಳಿದಂತೆ ಇಳಿಯುತ್ತ ಹೋದವು. ನಿಮಿಷಕ್ಕೆ ಒಂದು ಲೀಟರ್ ಕಡಿಮೆ ಬೀಳುವಾಗ ಯಾವ ಜಾಣತನವೂ ಟ್ಯಾಂಕು ತುಂಬಿಸಲಾರದು, ಅದು ಪೆಟ್ಟಿಗೆಯ ತಪ್ಪಲ್ಲ. ಆದರೆ ಎರಡೂ ಟ್ಯಾಂಕು ಮಿತಿಯಿಂದ ಕೆಳಗೆ ಮುಳುಗುತ್ತಿರುವಾಗ ಪರದೆಯಲ್ಲಿ ಹಸಿರು ಅಕ್ಷರದಲ್ಲಿ ಸಾಮಾನ್ಯ ಎಂದೇ ಬರುತ್ತಿತ್ತು. ಕೈ ಸೋತ ಮಗಳು "ಇದಕ್ಕೆ ಏನಾಗಿದೆ?" ಎಂದಳು. ಅವಳಿಗೆ ಹನ್ನೊಂದು ನಿಮಿಷದಲ್ಲಿ ಹೊಳೆದದ್ದು ಅದಕ್ಕೆ ಹೊಳೆಯಲಿಲ್ಲ.

ಸೇವಾ ವಿಭಾಗಕ್ಕೆ ಇದೆಲ್ಲವನ್ನೂ ಪಟ್ಟಿ ಮಾಡಿ ಬರೆದೆ. ಎರಡು ದಿನಕ್ಕೆ ಉತ್ತರ ಬಂತು, ವಿನಯದಿಂದಲೇ ಬಂತು: ಉಪಕರಣವನ್ನು ಒಮ್ಮೆ ಆರಿಸಿ ಮತ್ತೆ ಹಾಕಿ ನೋಡಿ.

ಹಾಗಾದರೆ ಕೊಳ್ಳಬಹುದೇ? ಕರೆಂಟ್ ಅಪರೂಪಕ್ಕೆ ಹೋಗುವ ಕಡೆ, ಒಂದೇ ಟ್ಯಾಂಕಿಗೆ, ಧಾರಾಳವಾಗಿ ಕೊಳ್ಳಬಹುದು. ತಂತಿ ಸಿಕ್ಕಿಸುವ ಜಾಗಗಳು ಗಟ್ಟಿಯಾಗಿವೆ, ಮೋಟಾರಿನ ಭಾರವನ್ನು ತನ್ನ ಪುಟ್ಟ ರಿಲೇಯ ಮೇಲೆ ಹೊರದೆ ಹೊರಗಿನ ಕಾಂಟ್ಯಾಕ್ಟರಿಗೆ, ಅಂದರೆ ದೊಡ್ಡ ಕರೆಂಟು ತಾಳುವ ಸ್ವಿಚ್ಚಿಗೆ, ವಹಿಸುತ್ತದೆ, ಸೆನ್ಸರು ಕೈಕೊಟ್ಟರೆ ಸರಿಯಾಗಿ ನಡೆದುಕೊಳ್ಳುತ್ತದೆ. ಕರೆಂಟ್ ಪದೇ ಪದೇ ಹೋಗುವ ಕಡೆಯಾದರೆ ಪೆಟ್ಟಿಗೆಗೆ ಮಾತ್ರ ಒಂದು ಸಣ್ಣ ಬ್ಯಾಟರಿ ಆಸರೆ ಕೊಡಿ, ಮೋಟಾರಿಗಲ್ಲ. ಮರೆವಿನ ಕಾಯಿಲೆಗೆ ಸದ್ಯಕ್ಕೆ ಅದೇ ಔಷಧ. ಎರಡು ಟ್ಯಾಂಕಿಗೆ ಬೇಕೆನ್ನುವವರು ಬೇರೆ ಪೆಟ್ಟಿಗೆ ನೋಡಿ.

ನನ್ನದಕ್ಕೆ ಬ್ಯಾಟರಿ ಇನ್ನೂ ಹಾಕಿಲ್ಲ. ಮೊನ್ನೆ ರಾತ್ರಿ ಪಂಪು ಓಡುತ್ತಿರುವಾಗ ಕರೆಂಟ್ ಹೋಗಿ ಐದು ನಿಮಿಷಕ್ಕೆ ಬಂತು. ಎದ್ದು ಹೋಗಿ ನೋಡಿದೆ. ಪರದೆಯಲ್ಲಿ 58, ಪಕ್ಕದಲ್ಲಿ ಹಸಿರು ಅಕ್ಷರದ ಸಾಮಾನ್ಯ. ತುಂಬುತ್ತಿತ್ತೋ ಖಾಲಿಯಾಗುತ್ತಿತ್ತೋ ಅದಕ್ಕೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಗುಂಡಿ ಒತ್ತಿ, ಪಂಪಿನ ಸದ್ದು ಕೇಳಿಸಿಕೊಂಡು ಬಂದು ಮಲಗಿದೆ.